ಕೈಯಳತೆಯ ಕ್ಲಚ್

ಬೈಕು ಕಪ್ಪೆಯಂತೆ ಒಂದು ನೆಗೆತ ನೆಗೆದು ಆಫ್ ಆಯಿತು. ಅದರ ಮೇಲಿದ್ದ ಸೋದರಮಾವ ಟ್ಯಾಂಕಿಗೆ ಹೊಟ್ಟೆ ಬಡಿಸಿಕೊಂಡು, ಯಾರಾದರೂ ನೋಡಿದರೇನೋ ಎಂದು ಸುತ್ತ ಕಣ್ಣಾಡಿಸಿದ. ಇಡೀ ಬೀದಿಯೇ ನೋಡುತ್ತಿತ್ತು.

"ಇಳಿ ಮಾವ, ನಿನ್ನ ಕೈಲಿ ಆಗಲ್ಲ," ಎಂದಳು ಸತ್ತವನ ಮಗಳು.

"ನನ್ನದೇನೂ ತಪ್ಪಿಲ್ಲಮ್ಮ. ಕ್ಲಚ್ ಲಿವರ್ ನೋಡು ಹೇಗೆ ಜೋತಾಡ್ತಿದೆ. ಭಾವ ಊರಿನ ಗಾಡಿಯೆಲ್ಲ ರಿಪೇರಿ ಮಾಡಿ ತಮ್ಮದನ್ನೇ ಮರೆತಿದ್ದಾರೆ."

ಆ ಮಾತು ಅವಳಿಗೆ ಚುಚ್ಚಿತು. ಅವಳು ಓಡಿಸಲು ನೋಡಿದಾಗಲೂ ಬೈಕು ಗೇಟಿನ ಬಳಿಯೇ ಮುಗ್ಗರಿಸಿತ್ತು. ಎಲ್ಲರೂ ಮೇಸ್ತ್ರಿ ಎಂದೇ ಕರೆಯುತ್ತಿದ್ದ ಅವಳಪ್ಪ, ಒಳಗೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಮಲಗಿದ್ದ. ಎಷ್ಟು ಉಜ್ಜಿದರೂ ಉಗುರಿನ ಸಂದಿಯ ಗ್ರೀಸು ಹೋಗಿರಲಿಲ್ಲ. "ಇರಲಿ ಬಿಡಿ, ಅದಿಲ್ಲದಿದ್ದರೆ ಇವರು ಅಂತ ಗುರುತೇ ಸಿಗಲ್ಲ," ಎಂದು ಅವನ ಹೆಂಡತಿ ಉಜ್ಜುವುದನ್ನು ನಿಲ್ಲಿಸಿದ್ದಳು. ಹೊರಗೆ ವ್ಯಾನು ಬಂದು ನಿಂತಿತ್ತು. ಆಸ್ಪತ್ರೆಯಲ್ಲಿ ಅವನು ಮಗಳಿಂದ ಒಂದೇ ಒಂದು ಮಾತು ತೆಗೆದುಕೊಂಡಿದ್ದ: "ಗಾಡಿ ಮುಂದೆ ಹೋಗ್ಲಿ, ನಾನು ವ್ಯಾನಲ್ಲಿ ಹಿಂದೆ ಬರ್ತೀನಿ. ಓಡಿಸ್ಕೊಂಡು ಹೋಗಿ. ತಳ್ಕೊಂಡು ಹೋಗಿ ನನ್ನ ಮಾನ ಕಳೀಬೇಡಿ." ಹೂಂ ಎಂದಿದ್ದಳು. ಈಗ ಗಾಡಿ ಗೇಟನ್ನೇ ದಾಟುತ್ತಿರಲಿಲ್ಲ.

"ಕೇಬಲ್ ಒಂಚೂರು ಬಿಗಿ ಮಾಡಮ್ಮ," ಎಂದ ಬೇಕರಿಯವನು. "ಲಿವರ್ ಸಂದಿಯಲ್ಲಿ ಒಂದು ನಾಣ್ಯ ನಿಲ್ಲಬೇಕು, ಅಷ್ಟೇ. ಕಂಪನಿ ಅಳತೆ ಅದು. ಮೇಸ್ತ್ರಿನೇ ಹೇಳಿದ್ದು."

"ನನಗೆ ಎರಡು ನಾಣ್ಯ ಅಂದಿದ್ರಲ್ಲ," ಎಂದರು ಶಾಲೆಯ ಟೀಚರ್. "ಅದೂ ಕಂಪನಿ ಅಳತೆನೇ."

"ನನ್ನದಕ್ಕೆ ಬೆರಳು ದಪ್ಪ ಸಂದಿ ಬಿಟ್ಟು, ಇದೇ ನೋಡಪ್ಪ ಕಂಪನಿ ಅಳತೆ ಅಂದ್ರು," ಎಂದ ದರ್ಜಿ.

ಮೂವರೂ ಮುಖ ಮುಖ ನೋಡಿಕೊಂಡರು. ಮೂವರ ಬೈಕೂ ಒಂದೇ ಕಂಪನಿಯದು. ಇಷ್ಟು ವರ್ಷ ನಂಬಿಕೊಂಡು ಬಂದದ್ದನ್ನು ಬಿಟ್ಟುಕೊಡಲು ಯಾರೂ ತಯಾರಿರಲಿಲ್ಲ. ಮಗಳಿಗೆ ಮಾತ್ರ ಬೆಳಗಿನಿಂದ ಮೊದಲ ಬಾರಿಗೆ ನಗು ಬಂತು.

*

ಚಿಕ್ಕವಳಿದ್ದಾಗ ಅವಳು ದಿನಾ ಶಾಲೆ ಬಿಟ್ಟ ಮೇಲೆ ಅಪ್ಪನ ರಿಪೇರಿ ಅಂಗಡಿಯಲ್ಲಿ, ಹಳೆಯ ಟೈರಿನ ಮೇಲೆ ಕೂತು ಪಾಠ ಓದುತ್ತಿದ್ದಳು. ಯಾರೇ ಬರಲಿ, ಅಪ್ಪ ಬಟ್ಟೆಯಲ್ಲಿ ಕೈ ಒರೆಸಿಕೊಂಡು, ಬಂದವರ ಎರಡೂ ಕೈ ಹಿಡಿದು ಕುಲುಕುತ್ತಿದ್ದ. ಬಂದವರು ಉಬ್ಬಿಹೋಗುತ್ತಿದ್ದರು. ಆಮೇಲೆ ಅವನು ಬೈಕಿನ ಮುಂದೆ ಕುಕ್ಕರಗಾಲಲ್ಲಿ ಕೂತು ಕೇಬಲ್ ಬಿಗಿ ಮಾಡುವನು, ಸಡಿಲ ಮಾಡುವನು, ಲಿವರ್ ಒತ್ತಿ ಬಿಟ್ಟು ನೋಡುವನು.

"ಎಲ್ಲರಿಗೂ ಯಾಕಪ್ಪ ಕೈ ಕುಲುಕ್ತೀಯ?"

"ಮರ್ಯಾದೆನೂ ಆಯ್ತು, ಅಳತೆನೂ ಆಯ್ತು. ಬೆರಳು ಎಷ್ಟುದ್ದ, ಹಿಡಿತ ಎಷ್ಟು, ಎಲ್ಲ ಗೊತ್ತಾಗುತ್ತೆ."

"ಮತ್ತೆ ಕಂಪನಿ ಅಳತೆ ಅಂತ ಸುಳ್ಳು?"

"ನಿಮ್ಮ ಬೆರಳು ಗಿಡ್ಡ ಅಂದ್ರೆ ಟೀಚರಮ್ಮ ಇನ್ನೊಂದ್ಸಲ ಈ ಕಡೆ ತಲೆ ಹಾಕ್ತಾರಾ?"

*

ಮಗಳು ಪಾನಾ ಹಿಡಿದು ಬೈಕಿನ ಮುಂದೆ ಕೂತಳು. ನಟ್ಟಿಗೆ ಪಾನಾ ಹಾಕುವಷ್ಟರಲ್ಲಿ ಅಮ್ಮ ಬಾಗಿಲಿಗೆ ಬಂದಳು.

"ಅದನ್ನ ಮುಟ್ಟಬೇಡ."

"ಲೂಸಾಗಿದೆಯಮ್ಮ."

"ಲೂಸಾಗಿಲ್ಲ. ನನ್ನ ಕೈಗೆ ಅಂತ ಇಟ್ಟಿರೋದು. ಬೆರಳು ಒಂಚೂರು ಬೇಗ ಬಿಟ್ರೂ ನೆಗೆಯುತ್ತೆ."

ಅಮ್ಮ ಮೆಟ್ಟಿಲಿಳಿದು ಬಂದು, ಲಿವರಿನ ಮೇಲೆ ತನ್ನ ಗಿಡ್ಡ ಬೆರಳುಗಳನ್ನಿಟ್ಟು ತೋರಿಸಿದಳು. ಸಡಿಲವಾಗಿದ್ದುದರಿಂದ ಲಿವರ್ ತಾನಾಗಿಯೇ ಹಿಡಿಕೆಯ ಹತ್ತಿರ ಬಂದು ಅವಳ ಕೈಗೆ ಸಿಗುತ್ತಿತ್ತು.

"ಹೋದ ಬೇಸಿಗೆಯಿಂದ ಇವರ ಎಡಗೈಲಿ ಶಕ್ತಿ ಇರಲಿಲ್ಲ. ನಾನೇ ಹಿಂದೆ ಕೂರಿಸ್ಕೊಂಡು ಹೋಗ್ತಿದ್ದೆ. ಹೆಲ್ಮೆಟ್ ಹಾಕ್ಕೊಂಡ್ರೆ ಯಾರು ಅಂತ ಯಾರಿಗ್ಗೊತ್ತು? ಅಂಗಡಿ ಬೀದಿ ತಿರುವಲ್ಲಿ ನಾನು ಇಳೀತಿದ್ದೆ. ಅಲ್ಲಿಂದ ಇಳಿಜಾರು. ಇವರೊಬ್ಬರೇ ಇಂಜಿನ್ ಆಫ್ ಮಾಡಿ ಜಾರಿಸ್ಕೊಂಡು ಹೋಗೋರು."

ಬೇಕರಿಯವನ ಬಾಯಿ ತೆರೆದುಕೊಂಡಿತು. "ಪೆಟ್ರೋಲ್ ಉಳಿಯುತ್ತೆ ಅಂದಿದ್ರಲ್ಲ ನನಗೆ. ನಾನು ದಿನಾ ಅಲ್ಲಿ ಆಫ್ ಮಾಡ್ಕೊಂಡೇ ಇಳೀತೀನಿ."

"ನಾನೂ," ಎಂದರು ಟೀಚರ್, ಸಣ್ಣ ದನಿಯಲ್ಲಿ.

ದರ್ಜಿ ಕೈ ಎತ್ತಿದ.

ಮೊದಲು ನಕ್ಕವಳು ಅಮ್ಮನೇ. ಆಮೇಲೆ ಬೀದಿಗೆ ಬೀದಿಯೇ ನಕ್ಕಿತು. ಇಂಥ ಕಡೆ ನಗಬಾರದೆಂದು ಅಭ್ಯಾಸ ಮಾಡಿಕೊಂಡಿದ್ದ ವ್ಯಾನಿನ ಡ್ರೈವರ್ ಕೂಡ ಆ ಕಡೆ ತಿರುಗಿ ಭುಜ ಕುಣಿಸಿದ. ನಗು ಇಳಿದಾಗ ಮಗಳ ಕಣ್ಣು ತುಂಬಿತ್ತು.

"ನನಗೂ ಹೇಳಲಿಲ್ವಲ್ಲಮ್ಮ."

"ಹೇಳಿದ್ರೆ ನೀನು ಅಂಗಡಿ ಮುಚ್ಚು ಅಂತಿದ್ದೆ. ಅಂತಿರಲಿಲ್ವಾ?"

ಅನ್ನುತ್ತಿದ್ದಳು. ಅದನ್ನು ಒಪ್ಪಿಕೊಳ್ಳುವುದು ಕಷ್ಟವಾಯಿತು.

"ಒಂದಿನ ಬಂದು ಎದುರಿಗೆ ನಿಂತು ಕೈ ನೀಡಿದ್ರು," ಎಂದಳು ಅಮ್ಮ. "ಮದುವೆಯಾದಾಗಿಂದ ಒಂದ್ಸಲಾನೂ ಕೈ ಕುಲುಕಿರಲಿಲ್ಲ ಮನುಷ್ಯ. ತಲೆ ಕೆಟ್ಟಿರಬೇಕು ಅಂದ್ಕೊಂಡೆ. ಎರಡೂ ಕೈ ಹಿಡ್ಕೊಂಡು ಸುಮ್ಮನೆ ನಿಂತ್ರು. ಅಳತೆ ತಗೊಳ್ಳೋಕೆ ಅಷ್ಟು ಹೊತ್ತು ಬೇಕಾಗಿರಲಿಲ್ಲ."

ಮಗಳು ಪಾನಾವನ್ನು ಪೆಟ್ಟಿಗೆಗೆ ಹಾಕಿ ಮುಚ್ಚಿದಳು.

ಮೇಸ್ತ್ರಿಯನ್ನು ವ್ಯಾನಿಗೆ ಏರಿಸಿದರು. ಅಮ್ಮ ಹೆಲ್ಮೆಟ್ ಹಾಕಿಕೊಂಡು ಬೈಕು ಹತ್ತಿ, ಬೆರಳುಗಳನ್ನು ಮೆಲ್ಲಗೆ ಬಿಟ್ಟಳು. ಬೈಕು ಒಂದಿಷ್ಟೂ ಮುಗ್ಗರಿಸದೆ ಹೊರಟಿತು. ಸೋದರಮಾವ ಹೊಟ್ಟೆ ಸವರಿಕೊಂಡು ನೋಡಿದ.

ವ್ಯಾನಿನ ಮುಂದಿನ ಸೀಟಿನಲ್ಲಿದ್ದ ಮಗಳಿಗೆ ಅಮ್ಮನ ಬೆನ್ನು ಕಾಣುತ್ತಿತ್ತು. ಸಣ್ಣ ಆಳು, ಇಡೀ ಸೀಟು ಅವಳದೇ. ಆದರೂ ಟ್ಯಾಂಕಿಗೆ ಒತ್ತಿಕೊಂಡು ಕೂತಿದ್ದಳು. ಹಿಂದೆ ದಪ್ಪ ಆಳೊಬ್ಬ ಆರಾಮಾಗಿ ಕೂರುವಷ್ಟು ಜಾಗ ಬಿಟ್ಟಿದ್ದಳು.

ಸ್ಮಶಾನದ ದಾರಿ ಅಂಗಡಿ ಬೀದಿಯ ಮೇಲೆಯೇ ಹೋಗುತ್ತಿತ್ತು. ತಿರುವಿನಲ್ಲಿ ಅಮ್ಮ ಈ ಸಲ ಇಳಿಯಲಿಲ್ಲ. ಇಂಜಿನ್ ಆಫ್ ಮಾಡಿದಳು. ವ್ಯಾನಿನ ಹಿಂದೆ ಬೇಕರಿಯವನ ಬೈಕಿನ ಸದ್ದು ನಿಂತಿತು, ಆಮೇಲೆ ಟೀಚರದು, ದರ್ಜಿಯದು, ಅವರ ಹಿಂದಿನವರದು. ಮುಚ್ಚಿದ ಅಂಗಡಿಯ ಮುಂದೆ ಬೈಕುಗಳೆಲ್ಲ ಒಂದರ ಹಿಂದೊಂದು ಸದ್ದಿಲ್ಲದೆ ಜಾರಿಕೊಂಡು ಹೋದವು.