ಬಾವಿಯ ಪಕ್ಕದ ಬೋರ್ಡು

"ಹಚಾ! ಹಚಾ! ಅಯ್ಯೋ, ಅಲ್ಲಿಗಲ್ಲ, ಹಾಳಾದ್ದೇ!"

ಜಲಜಮ್ಮ ಕೈಯಲ್ಲಿದ್ದ ಪೊರಕೆಯನ್ನೇ ಬೀಸಿ ಎಸೆದರು. ಅದು ಅರ್ಧ ಅಂಗಳವನ್ನೂ ದಾಟಲಿಲ್ಲ. ಟೈಗರ್ ಹಿಂಗಾಲೆತ್ತಿ, ಬೋರ್ಡಿನ ಕಬ್ಬಿಣದ ಕಂಬಕ್ಕೆ ಮಾಡಬೇಕಾದ್ದನ್ನು ನಿಧಾನವಾಗಿ ಮಾಡಿ, ನಾಲ್ಕು ಸಲ ಮಣ್ಣು ಕೆರೆದು, ಜವಾಬ್ದಾರಿ ಮುಗಿಸಿದ ಗತ್ತಿನಲ್ಲಿ ಜಗುಲಿಯ ಕಡೆ ಬಂತು. ಬೋರ್ಡಿನಲ್ಲಿ ಹಳದಿ ಬಣ್ಣದ ಮೇಲೆ ಕೆಂಪಕ್ಷರದಲ್ಲಿ ಬರೆದಿತ್ತು: 'ಈ ಜಾಗಕ್ಕೆ ಚೌಡಮ್ಮ ದೇವಿಯ ಕಾವಲಿದೆ.'

ಪಕ್ಕದ ಮನೆಯ ಉಮೇಶ್ ಬೇಲಿಯಾಚೆ ಮೊಬೈಲ್ ಹಿಡಿದು ನಿಂತಿದ್ದ.

"ವಿಡಿಯೋ ಮಾಡ್ಕೊಂಡಿದೀನಿ ಜಲಜಕ್ಕ. ಆದ್ರೆ ಯಾರಿಗೂ ತೋರ್ಸಲ್ಲ. ನಾನೆಂತಕ್ಕೆ ತೋರ್ಸ್ಲಿ? ನೋಡ್ಬೇಕಾದವ್ಳು ನೋಡಿದಾಳೆ" ಎಂದು ಮೊಬೈಲನ್ನು ಜೇಬಿಗೆ ಹಾಕಿಕೊಂಡು ಒಳಗೆ ಹೋದ. ಜಲಜಮ್ಮ ಬೋರ್ಡಿನ ಕಡೆ ತಿರುಗಿ ಗಲ್ಲ ಗಲ್ಲ ಬಡಿದುಕೊಂಡರು.

ಬೋರ್ಡಿನಾಚೆಯ ಬಾವಿಯನ್ನು ತೋಡಿಸಿದ್ದು ಅವರ ಗಂಡ ಗಿರಿಯಪ್ಪ. ಆತ ಹೋಗಿ ಒಂಬತ್ತು ವರ್ಷವಾಗಿತ್ತು. ಹುಂಚದ ಆಚೆಯ ಆ ರಸ್ತೆಬದಿಯ ಮನೆಗಳೆಲ್ಲ ಗೋಮಾಳದಲ್ಲಿ ಎದ್ದವು. ಯಾರ ಕೈಯಲ್ಲೂ ಕಾಗದವಿಲ್ಲ, ಅರ್ಜಿಗಳು ಮಾತ್ರ ತಾಲೂಕು ಕಚೇರಿಯಲ್ಲಿ ಮಲಗಿವೆ. ಆರು ವರ್ಷದ ಹಿಂದೆ ಪಕ್ಕದ ಮನೆಯನ್ನು ಕೊಂಡು ಬಂದ ಉಮೇಶ್ ಮೊದಲ ವರ್ಷ ಕೇಳಿ ನೀರು ಸೇದಿದ, ಎರಡನೇ ವರ್ಷ ಕೇಳದೆ ಸೇದಿದ, ಮೂರನೇ ವರ್ಷ ಬಾವಿಯೇ ತನ್ನದೆಂದ. ಒಂದು ಬೆಳಿಗ್ಗೆ ಎದ್ದು ನೋಡಿದರೆ ಬೇಲಿ ಬಾವಿಯ ಈಚೆ ಬಂದು ನಿಂತಿತ್ತು. ಜಲಜಮ್ಮನ ಮಗ ಪೂರ್ಣೇಶ್ ಕಿತ್ತೆಸೆದ. ಮತ್ತೆ ಬಂತು. ಮತ್ತೆ ಕಿತ್ತ.

ಆಗಲೇ ಅವನು ತನ್ನ ವೆಲ್ಡಿಂಗ್ ಶಾಪಿನ ಹಿಂದೆ ಹುಟ್ಟಿದ್ದ ಎರಡು ಮರಿಗಳನ್ನು ಮನೆಗೆ ತಂದದ್ದು. ಟೈಗರ್, ಚುಕ್ಕಿ ಎಂದು ಅವನ ಮಗಳು ಯಶಸ್ವಿನಿ ಹೆಸರಿಟ್ಟಳು. ಅವು ಬೆಳೆದ ಮೇಲೆ ಬೇಲಿ ಒಂದು ಗೇಣೂ ಕದಲಲಿಲ್ಲ. ಉಮೇಶನ ಕಾಲು ಬಾವಿಕಟ್ಟೆಯ ಹತ್ತಿರ ಬಂದರೆ ಸಾಕು, ಎರಡೂ ಹಲ್ಲು ಬಿಟ್ಟು ನಿಲ್ಲುತ್ತಿದ್ದವು. ಕಚ್ಚುತ್ತವೆಂದು ಅವನು ದೂರು ಕೊಟ್ಟ. ವಿಚಾರಿಸಲು ಬಂದವರಿಗೆ ತೋರಿಸಲು ಒಂದು ಹಲ್ಲಿನ ಗುರುತೂ ಇರಲಿಲ್ಲ. ಆ ಮೂರು ವರ್ಷ ಮನೆಯವರೆಲ್ಲ ನೆಮ್ಮದಿಯಾಗಿ ನಿದ್ದೆ ಮಾಡಿದರು.

ಈ ಸಲ ತೀರ್ಥಹಳ್ಳಿಯಲ್ಲಿ ನೆಂಟರ ಮದುವೆ. ಬಸ್ಸಿನ ಹಿಂದೆ ಓಡಿ ಬರುತ್ತವೆಂದು ನಾಯಿಗಳನ್ನು ಕಟ್ಟಿಹಾಕಿ ಹೋದರು. ಸಂಜೆ ಬರುವಷ್ಟರಲ್ಲಿ ಬೊಗಳಿ ಬೊಗಳಿ ಎರಡರ ಗಂಟಲೂ ಕಟ್ಟಿಹೋಗಿತ್ತು. ಬಾವಿಯಿಂದ ಮನೆಯ ಕಡೆಗೆ ನಾಲ್ಕು ಹೆಜ್ಜೆ ಈಚೆ, ಸಿಮೆಂಟು ಹಾಕಿ ನೆಟ್ಟ ಬೋರ್ಡು ನಿಂತಿತ್ತು.

ಬೇಲಿಯಾಗಿದ್ದರೆ ಪೂರ್ಣೇಶ್ ಆ ಗಳಿಗೆಯೇ ಕೀಳುತ್ತಿದ್ದ. ಇದನ್ನು ಕೀಳುವುದು ಹೇಗೆ? ದೇವಸ್ಥಾನದಿಂದ ತಂದು ನೆಡುವ ಅಂಥ ಬೋರ್ಡು ಇರುವ ಜಾಗದಲ್ಲಿ ಆ ಸೀಮೆಯ ಕಳ್ಳರು ಕೂಡ ಬಿದ್ದ ತೆಂಗಿನಕಾಯಿ ಮುಟ್ಟುವುದಿಲ್ಲ. ಜಲಜಮ್ಮ ನೀರಿಗೆ ಹೋಗುವಾಗೊಮ್ಮೆ, ಬರುವಾಗೊಮ್ಮೆ ಬೋರ್ಡಿಗೆ ಕೈ ಮುಗಿಯತೊಡಗಿದರು. ನಾಯಿಗಳಿಗೆ ಓದು ಬರಹ ಬರಬೇಕಲ್ಲ! ತಮ್ಮ ಗಡಿಯೊಳಗೆ ಯಾವುದೋ ಹೊಸ ಕಂಬ ಬಂದಿದೆ ಎಂದಷ್ಟೇ ಅವಕ್ಕೆ ಗೊತ್ತು. ಟೈಗರ್ ದಿನಕ್ಕೆರಡು ಸಲ ತನ್ನ ತಕರಾರು ಸಲ್ಲಿಸುತ್ತಿತ್ತು.

ವಿಡಿಯೋ ಆದ ನಾಲ್ಕನೇ ದಿನ ಯಶಸ್ವಿನಿಗೆ ಜ್ವರ ಬಂತು. ಮರುದಿನ ಮೈತುಂಬ ನೀರುಗುಳ್ಳೆ. ಆಶಾ ಕಾರ್ಯಕರ್ತೆ ಸೌಜನ್ಯ ಬಂದು ನೋಡಿ, "ಚಿಕನ್ ಪಾಕ್ಸು ಅಮ್ಮಾ. ಶಾಲೇಲಿ ಹನ್ನೊಂದು ಮಕ್ಳಿಗೆ ಆಗಿದೆ. ಉಗುರು ತೆಗೀರಿ, ಕೆರ್ಕೊಳ್ಳೋಕೆ ಬಿಡ್ಬೇಡಿ" ಎಂದಳು.

"ಆ ಹನ್ನೊಂದು ಮಕ್ಳ ಮನೆ ನಾಯಿ ಎಂತ ಮಾಡಿದಾವೋ ನಂಗೊತ್ತಿಲ್ಲ" ಎಂದರು ಜಲಜಮ್ಮ. "ನಮ್ಮನೇದು ಎಂತ ಮಾಡ್ತು ಅಂತ ನಾ ಕಣ್ಣಾರೆ ಕಂಡಿದೀನಿ."

ಸೌಜನ್ಯ ಹೋದ ಮೇಲೆ ಅವರು ಮಗನ ಮುಂದೆ ಕೂತರು. "ಪಾಪದ ಪ್ರಾಣಿ, ಹೊಡಿಯೋದು ಬ್ಯಾಡ, ಎಲ್ಲೋ ಬಿಟ್ಟು ಬರೋದೂ ಬ್ಯಾಡ. ಕೂಡಿಹಾಕು ಮಗಾ. ಆ ಕಂಬದ ಹತ್ರ ಹೋಗ್ದಂಗೆ ಮಾಡು."

"ಕೂಡಿಹಾಕಿದ್ರೆ ಮಾರ್ನೇ ದಿನ ಬೇಲಿ ಬರ್ತದೆ ಅತ್ತೆ" ಎಂದಳು ಪೂರ್ಣೇಶನ ಹೆಂಡತಿ ಚೈತ್ರಾ. "ಬಾವಿ ಹೋದ್ರೆ ನೀರಿಗೆಂತ ಮಾಡೋದು? ಪಂಚಾಯ್ತಿ ನಲ್ಲಿ ಮೂರು ದಿನಕ್ಕೊಂದ್ಸಲ ಬರ್ತದೆ."

"ಬಾವಿ ಹೆಚ್ಚೋ, ಮಗು ಹೆಚ್ಚೋ?"

ಚೈತ್ರಾ ಎದ್ದು ಒಳಗೆ ಹೋದಳು.

ಸಂಜೆ ಅವ್ವನ ಮಾತಿನಂತೆ ಪೂರ್ಣೇಶ್ ಅರಿಶಿನದ ನೀರು ತಂದು ಕಂಬ ತೊಳೆದ. ಬೋರ್ಡಿನ ಚೌಕಟ್ಟನ್ನು ಒರೆಸುವಾಗ ಅವನ ಬೆರಳು ಮೂಲೆಯಲ್ಲಿ ನಿಂತಿತು. ಮೂಲೆ ಚೂಪಾಗಿರಲಿಲ್ಲ, ನಯವಾಗಿ ಉಜ್ಜಿ ದುಂಡಗೆ ಮಾಡಿತ್ತು. ಯಶಸ್ವಿನಿ ಅಂಬೆಗಾಲಿಡುವಾಗ ಗೇಟಿನ ಮೂಲೆ ತಾಗಿ ಹಣೆ ಸೀಳಿಕೊಂಡಿದ್ದಳು. ಅಂದಿನಿಂದ ಅವನು ಮಾಡಿದ ಯಾವ ಗೇಟಿಗೂ, ಕಿಟಕಿಗೂ ಚೂಪು ಮೂಲೆ ಇರಲಿಲ್ಲ. ಸುತ್ತಮುತ್ತ ಬೇರೆ ಯಾರೂ ಈ ಕಷ್ಟ ತೆಗೆದುಕೊಳ್ಳುವುದಿಲ್ಲ. ನೆನಪಾಯಿತು. ತಿಂಗಳ ಹಿಂದೆ ಹೊಸನಗರದ ಬೋರ್ಡು ಬರೆಯುವ ಗಣೇಶಮೂರ್ತಿ ಆರು ಚೌಕಟ್ಟು ಮಾಡಿಸಿಕೊಂಡು ಹೋಗಿದ್ದ. ಯಾರಿಗೆಂದು ಇವನು ಕೇಳಿರಲಿಲ್ಲ.

ಸಂಗತಿ ಕೇಳಿ ಚೈತ್ರಾಳಿಗೆ ಹೋದ ಜೀವ ಬಂದಂತಾಯಿತು. "ದೇವಸ್ಥಾನದಿಂದ ಬಂದದ್ದೇ ಅಲ್ಲ ಹಂಗಾದ್ರೆ! ಮಾಡಿದ್ದೇ ನೀವು! ಗ್ರೈಂಡರ್ ತಂದು ಕೊಯ್ದು ಬಿಸಾಕಿ."

ಜಲಜಮ್ಮ ಮೊಮ್ಮಗಳ ಹಾಸಿಗೆಯ ಮೇಲೆ ಬೇವಿನ ಸೊಪ್ಪು ಹರಡುತ್ತಿದ್ದರು. ತಲೆ ಎತ್ತಲೇ ಇಲ್ಲ. "ಗುಡಿಯೊಳಗಿನ ಮೂರ್ತಿನೂ ಯಾವ್ದೋ ಶಿಲ್ಪಿ ಕೆತ್ತಿದ್ದೇ. ಹಂಗಂತ ಅವ್ನು ಹೋಗಿ ಸುತ್ತಿಗೇಲಿ ಒಡೀತಾನಾ?"

ಮರುದಿನ ಪೂರ್ಣೇಶ್ ಗ್ರೈಂಡರ್ ತಂದೇ ತಂದ. ಜಗುಲಿಯಿಂದ ವೈರು ಎಳೆದು, ಬೋರ್ಡಿನೆದುರು ಕುಕ್ಕರಗಾಲಲ್ಲಿ ಕೂತು ಸ್ವಿಚ್ಚು ಒತ್ತಿದ. ಬ್ಲೇಡು ಗಿರ್ರೆಂದು ತಿರುಗಿತು. ಒಂದು ನಿಮಿಷದ ಕೆಲಸ. ಆಗ ಒಳಗಿನಿಂದ ಯಶಸ್ವಿನಿ ಅತ್ತಳು. "ಅಪ್ಪಾ, ಕಣ್ಣೊಳಗೂ ತುರಿಸ್ತಿದೆ, ಅಪ್ಪಾ!"

ಇದು ಶಾಲೆಯಿಂದ ಬಂದ ಕಾಯಿಲೆ ಎಂದು ಅವನಿಗೆ ಗೊತ್ತಿತ್ತು. ಈ ಕಬ್ಬಿಣ ಯಾವ ಅಂಗಡಿಯದು, ಬೆಸೆದ ಕೈ ಯಾರದು ಎಂಬುದೂ ಗೊತ್ತಿತ್ತು. ಎಲ್ಲ ಗೊತ್ತಿದ್ದೂ ಕೈ ಮುಂದೆ ಹೋಗಲಿಲ್ಲ. ನಾಳೆ ಮಗಳ ಕಣ್ಣಿಗೇನಾದರೂ ಆದರೆ? ಅವ್ವ ಸುಮ್ಮನಿದ್ದರೂ ತನಗೆ ತಾನೇ ಏನೆಂದು ಹೇಳಿಕೊಳ್ಳುವುದು?

ಉಮೇಶ್ ತನ್ನ ಜಗುಲಿಯಲ್ಲಿ ನಿಂತು ನೋಡುತ್ತಿದ್ದ. ನಗಲಿಲ್ಲ, ಬೈಯಲಿಲ್ಲ. ಬೋರ್ಡಿನ ಕಡೆ ತಿರುಗಿ ಭಕ್ತಿಯಿಂದ ಕೈ ಮುಗಿದ. ಪೂರ್ಣೇಶ್ ಸ್ವಿಚ್ಚು ಆರಿಸಿದ. ತಾನೇ ಉಜ್ಜಿ ನಯ ಮಾಡಿದ ಮೂಲೆಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡ. ಬಾಗಿಲಲ್ಲಿ ನಿಂತಿದ್ದ ಚೈತ್ರಾ ಅದನ್ನು ನೋಡಿದಳು.

ಎರಡು ದಿನ ಕೂತು ಅವನು ಹಿತ್ತಲಲ್ಲಿ ನಾಯಿಗಳಿಗೆ ಗೂಡು ಮಾಡಿದ. ನಾಲ್ಕು ಮೂಲೆಗೂ ಕಬ್ಬಿಣದ ಕಂಬ, ಸುತ್ತ ಸರಳು, ಮೇಲೆ ತಗಡು. ಮೂಲೆಗಳನ್ನೆಲ್ಲ ಉಜ್ಜಿ ದುಂಡಗೆ ಮಾಡಿದ. ಒಳಗೆ ಅನ್ನಕ್ಕೆ ಮೀನಿನ ಸಾರು ಕಲಸಿಟ್ಟು ಕರೆದಾಗ ಎರಡೂ ಬಾಲ ಅಲ್ಲಾಡಿಸುತ್ತ ಹೋದವು. ಅವನು ಚಿಲಕ ಹಾಕಿದಾಗ ಟೈಗರ್ ತಿರುಗಿ ಒಮ್ಮೆ ನೋಡಿ ಮತ್ತೆ ತಿನ್ನತೊಡಗಿತು.

ಚೈತ್ರಾ ಹೇಳಿದ್ದಕ್ಕಿಂತ ಬೇಲಿ ಒಂದು ದಿನ ತಡವಾಗಿ ಬಂತು. ಉಮೇಶನ ಆಳುಗಳು ಕಲ್ಲುಕಂಬ ನೆಟ್ಟು, ಮುಳ್ಳುತಂತಿ ಎಳೆದು, ಬೋರ್ಡಿಗೆ ಸರಿಯಾಗಿ ಸೇರಿಸಿ ಕಟ್ಟಿದರು. ನಾಯಿಗಳು ಸರಳಿಗೆ ಮೈ ಬಡಿದುಕೊಂಡು ಬೊಗಳಿದವು. ಅವತ್ತು ಪೂರ್ಣೇಶ್ ಶಾಪಿನಿಂದ ಮನೆಗೆ ಊಟಕ್ಕೂ ಬರಲಿಲ್ಲ.

ಹನ್ನೆರಡನೇ ದಿನ ಯಶಸ್ವಿನಿಗೆ ತಲೆಗೆ ಸ್ನಾನ ಮಾಡಿಸಿದರು. ಗುಳ್ಳೆಗಳೆಲ್ಲ ಬಾಡಿದ್ದವು, ಕಣ್ಣಿಗೆ ಏನೂ ಆಗಿರಲಿಲ್ಲ. ಜಲಜಮ್ಮ ಮಗನತ್ತ ತಿರುಗಿ, "ನೋಡಿದ್ಯಾ?" ಎಂದರು. ಶಾಲೆಯ ಹನ್ನೊಂದು ಮಕ್ಕಳಿಗೂ ವಾಸಿಯಾಗಿತ್ತು. ಅದನ್ನು ಹೇಳಿ ಏನು ಪ್ರಯೋಜನ? ಇನ್ನು ಈ ಚಿಲಕ ತೆಗೆಯುವಂತಿಲ್ಲ ಎಂಬುದು ಪೂರ್ಣೇಶನಿಗೆ ಅರ್ಥವಾಯಿತು.

ಮರುದಿನ ನಲ್ಲಿ ಬರುವ ದಿನ. ಚೈತ್ರಾ ಕೊಡ ತೆಗೆದುಕೊಂಡು ರಸ್ತೆಗೆ ಇಳಿದಳು. ಬೇಲಿಯಾಚೆ ಬಾವಿಯ ರಾಟೆ ಕಿರ್ರೆಂದಿತು. ಟೈಗರ್ ಕಿವಿ ನೆಟ್ಟಗೆ ಮಾಡಿ ಎದ್ದು ನಿಂತಿತು. ಬೊಗಳಲಿಲ್ಲ. ಗೂಡಿನೊಳಗೆ ಒಂದು ಸುತ್ತು ಬಂದು, ಮೂಲೆಯ ಕಂಬವನ್ನು ಮೂಸಿ, ಹಿಂಗಾಲೆತ್ತಿತು.

ಹಿತ್ತಲು ಗುಡಿಸುತ್ತಿದ್ದ ಜಲಜಮ್ಮ ನೋಡಿದರು. ಈ ಸಲ ಪೊರಕೆ ಎಸೆಯಲಿಲ್ಲ, ಆ ಕಡೆ ಬೆನ್ನು ಮಾಡಿ ಗುಡಿಸುತ್ತ ಹೋದರು.