ಧೂಳು ಎಲ್ಲಿತ್ತು

ಆ ಒಂದು ಸಾಲಿಗೆ ಅಪ್ಪ ತೆತ್ತದ್ದು ಇಷ್ಟು: ದುರ್ಬೀನಿನ ಗಾಜು ಒರೆಸುವ ಹತ್ತೊಂಬತ್ತು ವರ್ಷದ ಕೆಲಸ, ವೀಕ್ಷಣಾಲಯದ ಹಿಂದಿನ ಎರಡು ಕೋಣೆಯ ಮನೆ, ಬೀದಿಯಲ್ಲಿ ತಲೆಯೆತ್ತಿ ನಡೆಯುವ ಅಭ್ಯಾಸ. ಸಾಲು ಈಗ ಮಗಳ ಕಣ್ಣೆದುರಿಗೇ ಬಿದ್ದಿತ್ತು. ವೀಕ್ಷಣಾಲಯದ ಹಳೆಯ ಪುಸ್ತಕಗಳಿಗೆ ಹೊಸ ರಟ್ಟು ಹಾಕಲು ಅವಳನ್ನು ಕರೆಸಿದ್ದರು. ಮಂಗಳ ಗ್ರಹದ ಪುಸ್ತಕದ ಹೊಲಿಗೆ ಬಿಚ್ಚುವಾಗ ನಾಲ್ಕು ಬೋಳು ವೃತ್ತಗಳು ಸಿಕ್ಕವು: ನಾಲ್ಕು ರಾತ್ರಿ ದುರ್ಬೀನಿನಲ್ಲಿ ನೋಡಿ ಬರೆದ ಗ್ರಹದ ಚಿತ್ರಗಳು, ಒಳಗೆ ಒಂದು ಗುರುತೂ ಇಲ್ಲ. ಕೊನೆಯದರ ಕೆಳಗೆ ಬರೆದಿತ್ತು: "ಮಸೂರದ ಮೇಲೆ ಧೂಳು. ಒರೆಸುವವನ ಅಲಕ್ಷ್ಯ." ಬರೆದ ಖಗೋಳಜ್ಞ ಆ ಸಿಟ್ಟಿನಲ್ಲಿ ಎರಡು ತಿಂಗಳು ಮಂಗಳದ ಗೋಜಿಗೇ ಹೋಗಿರಲಿಲ್ಲ.

ಅಲಕ್ಷ್ಯವಂತೆ! ಅಪ್ಪ ತೊಳೆದಿಟ್ಟ ಲೋಟವನ್ನೂ ಮೂರು ಸಲ ಒರೆಸದೆ ನೀರು ಕುಡಿಯದ ಮನುಷ್ಯ. ಬೀದಿಯವರು 'ಒರೆಸೋ ಮೇಷ್ಟ್ರು' ಎಂದು ಆಡಿಕೊಳ್ಳುತ್ತಿದ್ದದ್ದು ಸುಮ್ಮನೆಯೇ?

ಅವಳ ಮೇಜಿನ ಮೇಲೆ ಶನಿಯ ಪುಸ್ತಕವೂ ಬಿಚ್ಚಿಕೊಂಡು ಬಿದ್ದಿತ್ತು. ಗ್ರಹಕ್ಕೊಂದು ಪುಸ್ತಕ, ಪುಸ್ತಕಕ್ಕೊಂದು ಕಪಾಟು. ಒಂದನ್ನು ಓದುವವರು ಇನ್ನೊಂದನ್ನು ಮುಟ್ಟಿದವರಲ್ಲ. ಎರಡನ್ನೂ ಒಟ್ಟಿಗೆ ಹರಡಿಕೊಂಡವಳು ಇವಳೊಬ್ಬಳೇ. ಬಿಡಿ ಹಾಳೆಗಳನ್ನು ತಾರೀಖಿನ ಪ್ರಕಾರ ಜೋಡಿಸುತ್ತಿದ್ದ ಕೈ ತಟ್ಟನೆ ನಿಂತಿತು. ಅದೇ ನಾಲ್ಕು ರಾತ್ರಿ, ಅದೇ ದುರ್ಬೀನು. ಶನಿಯ ಉಂಗುರ, ಅದರೊಳಗಿನ ಕೂದಲೆಳೆಯ ಸಂದಿನ ಸಮೇತ, ಚೊಕ್ಕವಾಗಿ ಮೂಡಿತ್ತು.

ಎರಡೂ ಹಾಳೆ ಹಿಡಿದು ಪಕ್ಕದ ಕೋಣೆಗೆ ಓಡಿದಳು. ಮಂಗಳದಲ್ಲಿ ಎದ್ದ ಧೂಳಿನ ಬಿರುಗಾಳಿಗಳ ಪಟ್ಟಿ ಮಾಡುವ ಮೇಡಂ ಅಲ್ಲಿ ಕೂತಿದ್ದರು.

"ಮೇಡಂ, ಕನ್ನಡಕ ಕೊಳೆಯಾಗಿದ್ರೆ ಗಂಡನ ಮುಖ ಮಸುಕಾಗಿ, ಅತ್ತೆ ಮುಖ ಮಾತ್ರ ಸ್ಪಷ್ಟವಾಗಿ ಕಾಣುತ್ತಾ?"

"ಅಂಥ ಕನ್ನಡಕ ನಂಗೆ ಬೇಡಮ್ಮ," ಎಂದು ನಕ್ಕ ಮೇಡಂ ಹಾಳೆಗಳನ್ನು ನೋಡಿದರು. ನಗು ಅಲ್ಲೇ ನಿಂತಿತು. "ಎರಡು ಚಿತ್ರಕ್ಕೂ ಅರ್ಧ ಗಂಟೆ ಅಂತರ ಅಷ್ಟೇ! ಧೂಳು ಗಾಜಿನ ಮೇಲಿರ್ಲೇ ಇಲ್ಲ ಕಣೇ. ಅಲ್ಲಿತ್ತು, ಮಂಗಳದಲ್ಲೇ. ಇಡೀ ಗ್ರಹಾನೇ ಮುಚ್ಚಿಬಿಟ್ಟಿತ್ತು! ಈ ಬಿರುಗಾಳಿ ನಮ್ಮ ಪಟ್ಟೀಲಿ ಇಲ್ವೇ ಇಲ್ಲ."

"ಸೇರಿಸ್ಕೊಳ್ಳಿ ಮೇಡಂ. ಗಾಜು ನಮ್ಮಪ್ಪ ಒರೆಸಿದ್ರು. ಅದನ್ನೂ ಬರೀರಿ."

ಮೇಡಂ ಬರೆದರು. ಹಳೆಯ ಸಾಲಿನ ಪಕ್ಕದಲ್ಲೂ ಕೆಂಪು ಶಾಯಿಯಲ್ಲಿ ಬರೆದು, ಸಹಿ ಮಾಡಿ, ಮೊಹರು ಒತ್ತಿದರು: "ಮಸೂರ ಶುಚಿಯಾಗಿತ್ತು."

ಮರುದಿನ ಬೆಳಿಗ್ಗೆ ಅಪ್ಪನನ್ನು ಕರೆತಂದಳು. ಅಪ್ಪ ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡು ಓದಿದ. ಮತ್ತೆ ತೆಗೆದು, ಒರೆಸಿ, ಓದಿದ.

"ಅಷ್ಟು ದೂರ," ಎಂದ ಕೊನೆಗೆ, "ನನ್ನ ಒರೆಸೋ ಬಟ್ಟೆ ಎಲ್ಲಿ ಎಟುಕುತ್ತಮ್ಮ?"

ಮೇಡಂ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಪ್ಪನೂ ನಕ್ಕ.

"ಹಿಂದಿನ ಓಣೀಲಿ ಹೋಗೋಣ್ವಾ ಅಪ್ಪ? ನಿಂಗೆ ಅದೇ ವಾಸಿ ಅಲ್ವಾ?"

"ಬೇಡ. ಸಂತೆ ಬೀದೀಲೇ ಹೋಗೋಣ."

ಹೋದ ಕೆಲಸ ಬರಲಿಲ್ಲ, ಮನೆಯೂ ಬರಲಿಲ್ಲ. ಪಟ್ಟಿಗೆ ಒಂದು ಬಿರುಗಾಳಿ ಸೇರಿತು. ಅಪ್ಪ ಹಾಡುಹಗಲಲ್ಲಿ, ಬೀದಿಯ ನಟ್ಟನಡುವೆ, ತಲೆಯೆತ್ತಿ ನಡೆದ.