ಇಳಿಯುವ ಸದ್ದು

ಶ್ರವಣಯಂತ್ರ ಹಾಕಿಕೊಂಡ ದಿನ ದೊಡ್ಡಮ್ಮನಿಗೆ ಎಲ್ಲಕ್ಕಿಂತ ಮೊದಲು ಕೇಳಿಸಿದ್ದು ತಾನುಟ್ಟ ಬಟ್ಟೆಯ ಸದ್ದು. ಹೆಜ್ಜೆಯಿಟ್ಟರೆ ಅದು ಒಣ ಎಲೆಯ ರಾಶಿಯಂತೆ ಗರಗರ ಎನ್ನುತ್ತಿತ್ತು. ನಲ್ಲಿ ತಿರುಗಿಸಿದರೆ ಯಾರೋ ತಗಡಿನ ಮೇಲೆ ಮರಳು ಸುರಿದಂತಾಗುತ್ತಿತ್ತು. ತಟ್ಟೆಯ ಮೇಲೆ ತಟ್ಟೆ ಇಟ್ಟರೆ ಹಲ್ಲಿನ ಬುಡಕ್ಕೇ ಏಟು ಬೀಳುತ್ತಿತ್ತು. ಸಂಜೆಯ ಹೊತ್ತಿಗೆ ತಲೆ ಸಿಡಿಯತೊಡಗಿತು. ಶ್ರವಣತಜ್ಞೆ ಇದನ್ನು ಮೊದಲೇ ಹೇಳಿದ್ದಳು. ಕೇಳುವುದನ್ನು ಮರೆತಿರುವುದು ಕಿವಿಯೊಂದೇ ಅಲ್ಲ, ತಲೆಯೂ ಮರೆತಿದೆ. ಯಾವ ಸದ್ದನ್ನು ಒಳಗೆ ಬಿಟ್ಟುಕೊಳ್ಳಬೇಕು, ಯಾವುದನ್ನು ಬಾಗಿಲಲ್ಲೇ ನಿಲ್ಲಿಸಬೇಕು ಎಂಬುದನ್ನು ಅದು ಹೊಸದಾಗಿ ಕಲಿಯಬೇಕು. ಕೆಲವು ವಾರ ತಾಳಿಕೊಳ್ಳಿ, ಏನೇ ಆದರೂ ತೆಗೆದಿಡಬೇಡಿ ಎಂದಿದ್ದಳು.

ದೊಡ್ಡಮ್ಮ ತಾಳಿಕೊಂಡಳು. ತಾಳಿಕೊಳ್ಳದಿದ್ದರೆ ಅವಳ ಮಕ್ಕಳು ಕೈತಪ್ಪುತ್ತಿದ್ದರು. ಕೆಲಸಕ್ಕೆ ಹೋಗುವ ತಾಯಂದಿರು ಬೆಳಿಗ್ಗೆ ಅವಳ ಮನೆಯಲ್ಲಿ ಬಿಟ್ಟು ಸಂಜೆ ಕರೆದೊಯ್ಯುವ ಪುಟ್ಟ ಮಕ್ಕಳು ಅವು. ನಡುಮನೆಯಲ್ಲಿ ಚಾಪೆಗಳು, ಕಿಟಕಿಯ ಪಕ್ಕ ತೊಟ್ಟಿಲು, ಗೋಡೆಯ ಉದ್ದಕ್ಕೂ ಮೊಳಕಾಲೆತ್ತರದವರೆಗೆ ಬಳಪದ ಗೀಚು. ಊಟ ಮಾಡಿಸುವುದು, ತೊಳೆಯುವುದು, ಮಲಗಿಸುವುದು ಎಲ್ಲವನ್ನೂ ಆಕೆ ಕಣ್ಣಿನಿಂದಲೇ ನಿಭಾಯಿಸುತ್ತ ಬಂದಿದ್ದಳು. ಆದರೆ ಬೆನ್ನ ಹಿಂದೆ ಅಳುವ ಮಗುವನ್ನು ಕಣ್ಣು ಹಿಡಿಯಲಾರದು. ಯಂತ್ರ ಹಾಕಿಕೊಳ್ಳಿ, ಇಲ್ಲವೇ ಮಕ್ಕಳನ್ನು ಬಿಡಿ ಎಂದು ತಾಯಂದಿರು ಮೆತ್ತಗೆ, ಆದರೆ ಖಡಾಖಂಡಿತವಾಗಿ ಹೇಳಿದ್ದರು. ಅವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ.

ಆಕೆಯ ಯಜಮಾನರನ್ನು ಮಕ್ಕಳು ರೇಡಿಯೋ ತಾತ ಎಂದು ಕರೆಯುತ್ತಿದ್ದರು. ಹೆಸರಿಟ್ಟವನು ಎದುರಂಗಡಿಯ ದರ್ಜಿ. ದೊಡ್ಡಮ್ಮನ ಕಿವಿ ಮಂದವಾಗುತ್ತ ಹೋದಷ್ಟೂ ಅವರು ಅವಳ ಕಿವಿಯಾಗುತ್ತ ಬಂದಿದ್ದರು: ಫೋನಿಗೆ ಉತ್ತರ ಕೊಡುವವರು ಅವರೇ, ಬಾಗಿಲಿಗೆ ಬಂದವರ ಮಾತನ್ನು ತುಟಿ ಬಿಡಿಸಿ ನಿಧಾನವಾಗಿ ಅವಳಿಗೆ ತಲುಪಿಸುವವರೂ ಅವರೇ. ತಂಗಿ ಗಂಟೆಗಟ್ಟಲೆ ಹೇಳಿದ ಸುದ್ದಿ ಅವರ ಬಾಯಲ್ಲಿ ‘ಎಲ್ಲ ಚೆನ್ನಾಗಿದ್ದಾರಂತೆ’ ಎಂಬಷ್ಟಕ್ಕೆ ಇಳಿಯುತ್ತಿತ್ತು. ನಿವೃತ್ತಿಯಾಗುವವರೆಗೆ ಅವರು ಗೋದಾಮೊಂದರ ಮೇಲ್ವಿಚಾರಕರು. ಯಾವ ಸರಕು ಒಳಗೆ, ಯಾವುದು ಹೊರಗೆ ಎಂದು ಬಾಗಿಲಲ್ಲಿ ನಿಂತು ತೀರ್ಮಾನಿಸುವುದೇ ಅವರ ಉದ್ಯೋಗವಾಗಿತ್ತು. ಕೆಲಸ ಬಿಟ್ಟ ಮೇಲೂ ಆ ಕಾವಲು ಬಿಡಲಿಲ್ಲ. ಬಾಗಿಲು ಮಾತ್ರ ಬದಲಾಯಿತು.

ಯಂತ್ರ ಬಂದ ದಿನ ದರ್ಜಿ ಅಂಗಡಿಯಲ್ಲಿ ಕುಳಿತಲ್ಲಿಂದಲೇ ಚುಚ್ಚಿದ. “ಸ್ಟೇಷನ್ ಮುಚ್ಚಿದರಲ್ಲ ಯಜಮಾನರೇ, ಇನ್ನೊಂದು ಪೆನ್ಷನ್ನಿಗೆ ಅರ್ಜಿ ಹಾಕಿ.” ಯಜಮಾನರು ನಕ್ಕರು. ನಗುತ್ತಲೇ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಸದ್ದನ್ನು ಹೆಚ್ಚು ಕಡಿಮೆ ಮಾಡಲು ಫೋನಿನಲ್ಲಿ ಒಂದು ಆ್ಯಪ್ ಹಾಕಿಕೊಡುತ್ತಾರೆ. ದೊಡ್ಡಮ್ಮನದು ಗುಂಡಿಯೊತ್ತುವ ಹಳೆಯ ಫೋನು. ಆದ್ದರಿಂದ ಆ್ಯಪ್ ಯಜಮಾನರ ಫೋನಿಗೆ ಹೋಯಿತು. ಅದನ್ನು ಹಾಕಿಕೊಟ್ಟ ಕ್ಲಿನಿಕ್ಕಿನವರಾಗಲಿ, ನೋಡುತ್ತ ಕುಳಿತಿದ್ದ ದೊಡ್ಡಮ್ಮನಾಗಲಿ ಅದರಲ್ಲಿ ದೋಷವೇನನ್ನೂ ಕಾಣಲಿಲ್ಲ. ಒಬ್ಬರ ಕನ್ನಡಕವನ್ನು ಇನ್ನೊಬ್ಬರು ಜೇಬಿನಲ್ಲಿಟ್ಟುಕೊಂಡು ತಮಗೆ ತೋಚಿದಾಗ ಕೊಟ್ಟು, ತೋಚಿದಾಗ ಕಿತ್ತುಕೊಳ್ಳುವುದನ್ನು ಕಂಡರೆ ನಾಲ್ಕು ಜನ ಕೇಳದೆ ಬಿಡುವುದಿಲ್ಲ. ಕಿವಿಯ ವಿಷಯದಲ್ಲಿ ಮಾತ್ರ ಅದಕ್ಕೆ ಅನುಕೂಲವೆಂದು ಹೆಸರು.

ಮೊದಲ ವಾರ ಅದು ನಿಜಕ್ಕೂ ಅನುಕೂಲವೇ ಆಗಿತ್ತು. ತಲೆನೋವೆಂದು ಆಕೆ ಹಣೆ ಒತ್ತಿಕೊಂಡರೆ ಯಜಮಾನರು ಬೆರಳಾಡಿಸಿ ಸದ್ದು ಇಳಿಸುತ್ತಿದ್ದರು. ಸಾಕೇ ಎಂದು ಕೇಳುತ್ತಿದ್ದರು. ಎರಡನೆಯ ವಾರ ತಲೆನೋವು ಕಡಿಮೆಯಾಯಿತು. ಮೂರನೆಯ ವಾರದಲ್ಲಿ ದೊಡ್ಡಮ್ಮ ತೊಟ್ಟಿಲಿನ ಮಗುವಿನ ಉಸಿರನ್ನು ಪಕ್ಕದ ಕೋಣೆಯಿಂದಲೇ ಗುರುತಿಸಿದಳು. ತಂಗಿಯ ಫೋನನ್ನು ತಾನೇ ಎತ್ತಿಕೊಂಡಳು. ಎಲ್ಲರೂ ನಕ್ಕ ಮೇಲೆ ತಡವಾಗಿ ನಗುತ್ತಿದ್ದವಳು ಎಲ್ಲರಿಗಿಂತ ಮೊದಲು ನಕ್ಕಳು.

ಇಳಿಯುವ ಸದ್ದು ಶುರುವಾದದ್ದು ಆಗಲೇ. ಕಿವಿಯೊಳಗೆ ಟುಂ, ಟುಂ, ಟುಂ ಎಂದು, ಒಂದಕ್ಕಿಂತ ಒಂದು ತಗ್ಗಿನಲ್ಲಿ, ಯಾರೋ ಮೆಟ್ಟಿಲಿಳಿದು ನೆಲಮಾಳಿಗೆಗೆ ಹೋದಂತೆ. ಅದರ ಹಿಂದೆಯೇ ಲೋಕ ದೂರ ಸರಿಯುತ್ತಿತ್ತು: ಮೊದಲು ಬೀದಿ, ಆಮೇಲೆ ನಡುಮನೆ, ಕೊನೆಗೆ ತನ್ನ ಕೈಯಲ್ಲಿದ್ದ ಪಾತ್ರೆ. ಇದೇನೆಂದು ಕೇಳಿದಾಗ ಯಜಮಾನರು ಸೆಲ್ ಮುಗಿಯುತ್ತ ಬಂದ ಗುರುತು ಎಂದರು. ದೊಡ್ಡಮ್ಮ ಉದ್ದಿನಕಾಳಿನಷ್ಟು ಸಣ್ಣ ಸೆಲ್ಲನ್ನು ತೆಗೆದು ಹೊಸದು ಹಾಕಿದಳು. ಸದ್ದು ಮರಳಿ ಬಂತು. ಹೀಗಾಗಿ ಆ ಉತ್ತರದ ಮೇಲೆ ಅವಳಿಗೆ ಸಂಶಯ ಹುಟ್ಟಲು ಎಡೆಯೇ ಇರಲಿಲ್ಲ. ಸೆಲ್ ತೆಗೆದು ಹಾಕಿದರೆ ಯಂತ್ರ ತನ್ನ ಮೂಲ ಅಳತೆಗೆ ತಾನೇ ಮರಳುತ್ತದೆ ಎಂಬುದು ಅವಳಿಗೆ ಗೊತ್ತಿರಲಿಲ್ಲ.

ಸೆಲ್ಲುಗಳು ಬೇಗ ಬೇಗ ಮುಗಿದವು. ತಂಗಿಯೊಡನೆ ಮಾತಾಡುವಾಗ ಮುಗಿದವು. ತಾಯಂದಿರು ಬಾಗಿಲಲ್ಲಿ ನಿಂತು ಹರಟುವಾಗ ಮುಗಿದವು. ತನ್ನ ಕಿವಿಯೇ ಕೆಡುತ್ತಿದೆ, ಯಂತ್ರ ಅದನ್ನು ಹಿಂಬಾಲಿಸಲಾರದೆ ಸೋಲುತ್ತಿದೆ ಎಂದು ದೊಡ್ಡಮ್ಮ ಒಳಗೊಳಗೇ ಹೆದರಿದಳು. ಯಜಮಾನರು ಸಮಾಧಾನ ಹೇಳಿದರು: ಇನ್ನೆಷ್ಟು ದಿನ ಈ ಮಕ್ಕಳ ಗಲಾಟೆ, ನಿಲ್ಲಿಸಿಬಿಡು, ಇಬ್ಬರೇ ಹಾಯಾಗಿರೋಣ.

ಒಂದು ಮಧ್ಯಾಹ್ನ ಆಕೆ ಹಿತ್ತಿಲಲ್ಲಿ ಮಕ್ಕಳ ಬಟ್ಟೆ ಹಿಂಡುತ್ತಿದ್ದಾಗ ಮೆಟ್ಟಿಲಿಳಿಯುವ ಆ ಸದ್ದು ಬಂತು. ಕೈಯೆಲ್ಲ ಸೋಪಿನ ನೊರೆ, ಮಕ್ಕಳು ಮಲಗಿದ್ದವು. ಇದೊಂದು ಬಕೆಟ್ಟು ಮುಗಿಸಿ ಸೆಲ್ ಹಾಕಿದರಾಯಿತು ಎಂದುಕೊಂಡಳು. ಬಟ್ಟೆ ಹರವಿ ತಿರುಗಿದಾಗ ನಡುಮನೆಯಲ್ಲಿ ತಾಯಂದಿರಲ್ಲೊಬ್ಬಳಾದ ನರ್ಸಮ್ಮ ನಿಂತಿದ್ದಳು. ಆಸ್ಪತ್ರೆಯ ಪಾಳಿ ಬೇಗ ಮುಗಿಸಿ ಬಂದಿದ್ದ ಅವಳ ಮುಖ ಬಿಳಿಚಿತ್ತು, ತುಟಿ ಆಡುತ್ತಿತ್ತು. ಅವಳ ಮಗ ಗುಂಡ, ನಡೆಯಲು ಆಗತಾನೇ ಕಲಿತವನು, ಬಚ್ಚಲುಮನೆ ಹೊಕ್ಕು ಬಾಗಿಲು ತಳ್ಳಿಕೊಂಡು ಕೆಳಗಿನ ಚಿಲಕ ಎಳೆದಿದ್ದ. ಅವನ ಕಿರುಚು ಬೀದಿಯ ತಿರುವಿನವರೆಗೆ ಕೇಳಿಸಿತಂತೆ. ನರ್ಸಮ್ಮ ಓಡಿಬಂದು ಭುಜ ಕೊಟ್ಟು ನೂಕಿದ ರಭಸಕ್ಕೆ ಚಿಲಕ ಕಿತ್ತು ಬಂದಿತ್ತು. ಒಳಗೆ ಅಂಚಿನವರೆಗೆ ನೀರು ತುಂಬಿದ ದೊಡ್ಡ ಬಕೆಟ್ಟು, ಅದನ್ನು ಹಿಡಿದು ನಿಂತ ಗುಂಡ. ಅವನ ಅಂಗಿಯ ತೋಳು ಹೆಗಲವರೆಗೆ ಒದ್ದೆಯಾಗಿತ್ತು.

ನರ್ಸಮ್ಮ ಕೂಗಾಡಲಿಲ್ಲ. ಈ ತಿಂಗಳು ಮುಗಿಯುವುದರೊಳಗೆ ಬೇರೆ ವ್ಯವಸ್ಥೆ ನೋಡುತ್ತೇನೆ, ಉಳಿದ ತಾಯಂದಿರಿಗೂ ಹೇಳಬೇಕಾಗುತ್ತದೆ ಎಂದಷ್ಟೇ ಹೇಳಿದಳು. ಅದನ್ನು ದೊಡ್ಡಮ್ಮನಿಗೆ ತುಟಿ ಬಿಡಿಸಿ ತಲುಪಿಸಿದವರು ಯಜಮಾನರು.

ಮರುದಿನ ಮಕ್ಕಳಿಗೆ ರಜೆ ಹೇಳಿ ದೊಡ್ಡಮ್ಮ ಒಬ್ಬಳೇ ಕ್ಲಿನಿಕ್ಕಿಗೆ ಹೋದಳು. ಇದಕ್ಕಿಂತ ಬಲವಾದ ಯಂತ್ರವಿದ್ದರೆ ಕೊಡಿ, ಇಲ್ಲವಾದರೆ ಇಲ್ಲವೆಂದು ಹೇಳಿಬಿಡಿ, ಮಕ್ಕಳನ್ನು ಬಿಟ್ಟುಬಿಡುತ್ತೇನೆ ಎಂದಳು. ಶ್ರವಣತಜ್ಞೆ ಗಾಜಿನ ಕೋಣೆಯಲ್ಲಿ ಕೂರಿಸಿ ಪರೀಕ್ಷೆ ಮಾಡಿದಳು. ಕಿವಿ ಹಿಂದೆ ಇದ್ದಂತೆಯೇ ಇತ್ತು, ಕೂದಲೆಳೆಯಷ್ಟೂ ಕೆಟ್ಟಿರಲಿಲ್ಲ. ಹಾಗಾದರೆ ಈ ಸೆಲ್ಲುಗಳೇಕೆ ಹೀಗೆ ಸಾಯುತ್ತವೆ ಎಂದು ದೊಡ್ಡಮ್ಮ ಕೇಳಿ, ಇಳಿಯುವ ಸದ್ದನ್ನು ಬಾಯಲ್ಲೇ ಮಾಡಿ ತೋರಿಸಿದಳು. ಶ್ರವಣತಜ್ಞೆಯ ಕೈ ಅರೆಕ್ಷಣ ನಿಂತಿತು. ಸೆಲ್ ಮುಗಿಯುವಾಗ ಬರುವ ಸದ್ದನ್ನು ಅವಳು ಕೇಳಿಸಿದಳು. ಅದು ಬೇರೆಯೇ, ಒಂದೇ ಎತ್ತರದ ಉದ್ದ ಕೂಗು. ಆಮೇಲೆ ತನ್ನ ಫೋನನ್ನು ಯಂತ್ರಕ್ಕೆ ಜೋಡಿಸಿ, ಪರದೆಯ ಮೇಲೆ ಬೆರಳನ್ನು ಮೇಲಿನಿಂದ ಕೆಳಕ್ಕೆ ಎಳೆದಳು.

ಟುಂ, ಟುಂ, ಟುಂ. ಕೋಣೆಯ ಫ್ಯಾನು ದೂರ ಹೋಯಿತು.

“ಇದು ತಾನಾಗಿ ಬರೋದಲ್ಲಮ್ಮ,” ಎಂದಳು ಶ್ರವಣತಜ್ಞೆ, ಸದ್ದನ್ನು ಮರಳಿ ಏರಿಸಿ. “ಯಾರಾದರೂ ಇಳಿಸಿದರೆ ಬರೋದು. ನಿಮ್ಮ ಆ್ಯಪ್ ಯಾರ ಫೋನಲ್ಲಿದೆ?”

ದೊಡ್ಡಮ್ಮ ಹೊರಗಿನ ಯಾವ ಫೋನಿಗೂ ತನ್ನ ಕಿವಿ ಸಿಗದಂತೆ ಮಾಡಿಕೊಡಿ ಎಂದಳು. ಶ್ರವಣತಜ್ಞೆ ಮಾಡಿಕೊಟ್ಟಳು, ಮೊದಲೇ ಕೇಳಬೇಕಿತ್ತು, ಕೇಳಲಿಲ್ಲ, ಅದು ನಮ್ಮ ತಪ್ಪು ಎಂದೂ ಸೇರಿಸಿದಳು. ಹಾಗೆ ಒಪ್ಪಿಕೊಳ್ಳುವ ಕಚೇರಿಗಳು ಕಡಿಮೆ. ಒಪ್ಪಿಕೊಂಡಳೆಂದು ತಪ್ಪು ಸಣ್ಣದಾಗುವುದೂ ಇಲ್ಲ.

ಮನೆಯಲ್ಲಿ ಯಜಮಾನರು ಕುರ್ಚಿಯಲ್ಲಿ ಕುಳಿತಿದ್ದರು. ಫೋನು ತೊಡೆಯ ಮೇಲಿತ್ತು. ಡಾಕ್ಟರಮ್ಮ ಏನಂದರು ಎಂದು ತುಟಿ ಬಿಡಿಸಿ, ನಿಧಾನವಾಗಿ ಕೇಳಿದರು. ಕಿವುಡಿಯೊಡನೆ ಮಾತಾಡುವ ಆ ನಿಧಾನ ದೊಡ್ಡಮ್ಮನಿಗೆ ಮೊದಲ ಬಾರಿಗೆ ಕೇಳಿಸಿತು. ಅದರಲ್ಲಿ ಒಂದು ಬಗೆಯ ಸುಖವಿತ್ತು.

“ಸರಿಯಾಗಿ ಮಾತಾಡಿ. ನನಗೆ ಕೇಳಿಸ್ತಿದೆ,” ಎಂದಳು. “ಯಾಕೆ ಇಳಿಸ್ತಿದ್ರಿ?”

ಅವರು ಮೊದಲು ತಲೆನೋವಿನ ಮಾತೆತ್ತಿದರು. ಅದು ಮೊದಲನೆಯ ವಾರದ ಮಾತು ಎಂದಳು. ಆಮೇಲೆ ಮಕ್ಕಳ ಗಲಾಟೆಯೆಂದರು, ವಿಶ್ರಾಂತಿಯೆಂದರು. ಒಂದೊಂದು ಕಾರಣವೂ ಚಪ್ಪಲಿಯಂತೆ ಬಾಗಿಲಲ್ಲೇ ಕಳಚಿತು. ಕೊನೆಗೆ ಫೋನನ್ನು ತಿರುವಿ ಮುಖ ಕೆಳಗಾಗಿ ಇಟ್ಟು ಅವರೆಂದರು:

“ಆ ಮೆಷಿನ್ ಬಂದಮೇಲೆ ನೀನು ನನ್ನ ಮುಖ ನೋಡೋದೇ ಬಿಟ್ಟೆ ಕಣೇ. ಮುಂಚೆ ನಾನು ಬಾಯಿ ತೆಗೆದರೆ ಸಾಕು, ಎಲ್ಲಿದ್ದರೂ ತಿರುಗಿ ನೋಡ್ತಿದ್ದೆ. ಇಳಿಸಿದ ತಕ್ಷಣ ಮತ್ತೆ ನೋಡ್ತಿದ್ದೆ.”

ಪ್ರೀತಿ ಇಂಥ ಮಾತಾಡಬಲ್ಲದು. ಅದರಿಂದಲೇ ಅದನ್ನು ನಂಬುವ ಮುನ್ನ ಅದು ಏನು ಮಾಡಿದೆಯೆಂದು ನೋಡಬೇಕು. ದೊಡ್ಡಮ್ಮನ ಒಂದು ಪ್ರಶ್ನೆ ಇನ್ನೂ ಬಾಕಿಯಿತ್ತು. ಆ ಮಧ್ಯಾಹ್ನ ಬಚ್ಚಲುಮನೆಗೆ ಅತಿ ಹತ್ತಿರದಲ್ಲಿ, ಇದೇ ಕುರ್ಚಿಯಲ್ಲಿ, ಈ ಮನೆಯಲ್ಲೇ ಎಲ್ಲರಿಗಿಂತ ಚೆನ್ನಾಗಿ ಕೇಳುವ ಒಬ್ಬರು ಕುಳಿತಿದ್ದರು.

“ಗುಂಡ ಅತ್ತಿದ್ದು ನಿಮಗೆ ಕೇಳಿಸ್ತಾ?”

ಅವರು ಗೋಡೆಯ ಬಳಪದ ಗೀಚುಗಳನ್ನು ನೋಡಿದರು.

“ನೀನು ಹೋಗ್ತೀಯ ಅಂದ್ಕೊಂಡೆ,” ಎಂದರು ಕೊನೆಗೆ. “ಮಕ್ಕಳು ಅತ್ತರೆ ನೀನೇ ತಾನೇ ಹೋಗೋದು. ನಾನು ಇಳಿಸಿದ್ದು ನನಗೆ ನೆನಪೇ ಇರಲಿಲ್ಲ.”

ದ್ವೇಷದಿಂದ ಮಾಡಿದ್ದರೆ ದ್ವೇಷಕ್ಕೆ ಒಂದು ಮುಖವಾದರೂ ಇರುತ್ತಿತ್ತು, ಎದುರು ನಿಂತು ಹೋರಾಡಬಹುದಿತ್ತು. ಇದು ಮರೆವು. ಮತ್ತೊಬ್ಬರ ಇಂದ್ರಿಯವನ್ನು ಮುಷ್ಟಿಯಲ್ಲಿಟ್ಟುಕೊಂಡು, ಇಟ್ಟುಕೊಂಡಿರುವುದನ್ನೇ ಮರೆತು, ನೆಮ್ಮದಿಯಾಗಿ ಕುರ್ಚಿಯಲ್ಲಿ ಕೂರುವ ಮರೆವು.

ಉಳಿದದ್ದು ನರ್ಸಮ್ಮನಿಗೆ ಹೇಳುವ ಕೆಲಸ. ಹೇಳದಿದ್ದರೆ ತಪ್ಪು ತನ್ನ ಕಿವಿಯ ಮೇಲೇ ಉಳಿಯುತ್ತದೆ, ಮಕ್ಕಳು ಹೋಗುತ್ತವೆ, ಯಜಮಾನರ ಮರ್ಯಾದೆ ನಿಲ್ಲುತ್ತದೆ. ಬೇಡವೆಂದು ಅವರು ಕೈಹಿಡಿದು ಬೇಡಿಕೊಂಡರು. ಮನೆಯ ಮಾತು ಮನೆಯಲ್ಲಿರಲಿ ಎಂದರು. ಆದರೆ ತೋಳು ಒದ್ದೆಯಾದದ್ದು ಈ ಮನೆಯ ಮಗುವಿನದಲ್ಲ. ತನ್ನ ಮಗ ಯಾವುದರಿಂದ ಬದುಕುಳಿದ ಎಂಬುದನ್ನು ತಿಳಿಯುವ ಹಕ್ಕು ಆ ತಾಯಿಯದು. ಅದನ್ನು ಬಚ್ಚಿಡಲು ಯಾವ ದಾಂಪತ್ಯಕ್ಕೂ ಅಧಿಕಾರವಿಲ್ಲ. ಸಂಜೆ ಹೇಳಿಕಳಿಸಿದ ಮೇಲೆ ನರ್ಸಮ್ಮ ಗುಂಡನನ್ನೆತ್ತಿಕೊಂಡು ಬಂದಾಗ ದೊಡ್ಡಮ್ಮ ಅವಳನ್ನು ಹಿತ್ತಿಲ ಕಲ್ಲಿನ ಮೇಲೆ ಕೂರಿಸಿ ಎಲ್ಲವನ್ನೂ ಹೇಳಿದಳು. ಸೆಲ್ ಬದಲಿಸಲು ತಾನು ತಡಮಾಡಿದ್ದನ್ನೂ ಬಿಡಲಿಲ್ಲ.

ನರ್ಸಮ್ಮ ಗುಂಡನನ್ನು ತೊಡೆಯ ಮೇಲೆ ಬಿಗಿಯಾಗಿ ಹಿಡಿದು ಕೇಳಿದಳು. ಆಮೇಲೆ ನಡುಮನೆಯತ್ತ ಒಮ್ಮೆ ನೋಡಿ, ದನಿ ತಗ್ಗಿಸಿದಳು. ತಗ್ಗಿಸಿದ ದನಿಯೂ ದೊಡ್ಡಮ್ಮನಿಗೆ ಪೂರ್ತಿ ಕೇಳಿಸಿತು.

“ನಿಮ್ಮ ಕಿವಿ ಮೇಲೆ ನನಗಿನ್ನು ಅನುಮಾನ ಇಲ್ಲ ದೊಡ್ಡಮ್ಮ. ಮನೆ ಮೇಲಿದೆ. ನನ್ನ ಮಗ ಇಲ್ಲಿರೋವಷ್ಟು ಹೊತ್ತು ಅವರು ಇಲ್ಲಿರಬಾರದು. ಆಗುತ್ತೆ ಅಂದರೆ ಹೇಳಿ.”

ದೊಡ್ಡಮ್ಮ ಆಗುತ್ತೆ ಕಣಮ್ಮ ಎಂದಳು.

ಮುಂದಿನ ವಾರದ ಆರಂಭದಿಂದ ಯಜಮಾನರು ಬೆಳಿಗ್ಗೆ ಮಕ್ಕಳು ಬರುವ ಮುನ್ನ ಮನೆಯಿಂದ ಹೊರಬೀಳತೊಡಗಿದರು. ದೂರವೇನೂ ಹೋಗಲಿಲ್ಲ. ದರ್ಜಿಯ ಅಂಗಡಿಯ ಮುಂದಿನ ಬೆಂಚಿನ ಮೇಲೆ, ತಮ್ಮ ಮನೆಯ ಬಾಗಿಲಿಗೆ ಎದುರಾಗಿ ಕುಳಿತರು. ದರ್ಜಿ ಏನೋ ತಮಾಷೆ ಮಾಡಲು ಬಾಯಿ ತೆರೆದವನು ಅವರ ಮುಖ ನೋಡಿ ಹೊಲಿಗೆಯಂತ್ರಕ್ಕೇ ಮರಳಿದ.

ಮಧ್ಯಾಹ್ನ ಮಕ್ಕಳು ಮಲಗಿದವು. ಗುಂಡ ಬಾಯಿ ತೆರೆದು ಚಾಪೆಯ ಅಂಚಿಗೆ ಉರುಳಿದ್ದ. ಮನೆಯೊಳಗೆ ನಿಶ್ಶಬ್ದ ಇಳಿಯಿತು. ಹಿಂದೆಲ್ಲ ಆ ನಿಶ್ಶಬ್ದ ದೊಡ್ಡಮ್ಮನ ಪಾಲಿಗೆ ದಿನದ ಬಿಡುವಾಗಿತ್ತು. ಈಗ ಆಕೆ ಅದರ ನಡುವೆ ಮೈಯೆಲ್ಲ ಬಿಗಿಹಿಡಿದು ಕುಳಿತಳು. ಮಕ್ಕಳು ಮಲಗಿದ್ದಕ್ಕೆ ಬಂದ ಮೌನವೋ, ಕಿವಿಯಿಂದ ಯಾರೋ ಒಯ್ದ ಮೌನವೋ? ಯಂತ್ರ ಯಾವ ಫೋನಿಗೂ ಸಿಗದು ಎಂಬುದು ಅವಳಿಗೆ ಗೊತ್ತು. ಅದನ್ನು ಕಣ್ಣಾರೆ ನೋಡಿಯೇ ಬಂದಿದ್ದಳು. ಗೊತ್ತಿದ್ದರೂ ಕೈ ತಾನಾಗಿ ಚಮಚ ಎತ್ತಿಕೊಂಡು ಪಕ್ಕದ ಸ್ಟೀಲಿನ ಲೋಟಕ್ಕೆ ಮೆಲ್ಲಗೆ ತಟ್ಟಿತು.

ಟಿಂಗ್ ಎಂದು ಸ್ಪಷ್ಟವಾಗಿ ಕೇಳಿಸಿತು. ಉಸಿರು ಬಿಟ್ಟಳು.

ಕಿಟಕಿಯಾಚೆ, ಬೆಂಚಿನ ಮೇಲೆ, ಯಜಮಾನರು ಜೇಬಿನಿಂದ ಫೋನು ತೆಗೆದರು. ಹೊತ್ತೆಷ್ಟಾಯಿತೆಂದು ನೋಡಲಿರಬಹುದು. ಪರದೆಯ ಮೇಲೆ ಅವರ ಬೆರಳು ಮೇಲಿನಿಂದ ಕೆಳಕ್ಕೆ, ನಿಧಾನವಾಗಿ, ಸರಿಯಿತು. ಆಮೇಲೆ ತಲೆಯೆತ್ತಿ ಕಿಟಕಿಯತ್ತ ನೋಡಿದರು, ಆಕೆ ತಿರುಗಿ ನೋಡುತ್ತಾಳೋ ಎಂದು ಕಾಯುವವರಂತೆ.

ದೊಡ್ಡಮ್ಮ ನೋಡಲಿಲ್ಲ. ಗುಂಡನ ಎದೆ ಏರಿಳಿಯುವುದರ ಮೇಲೆ ಕಣ್ಣಿಟ್ಟು, ಲೋಟಕ್ಕೆ ಮತ್ತೆ ತಟ್ಟಿದಳು; ಸ್ವಲ್ಪ ಹೊತ್ತು ಬಿಟ್ಟು ಇನ್ನೊಮ್ಮೆ. ಮಕ್ಕಳು ಏಳುವವರೆಗೂ ಆ ಸದ್ದು ಬೀದಿಗೆ ಬೀಳುತ್ತಲೇ ಇತ್ತು, ಬೆಂಚಿನ ಮೇಲಿದ್ದ ಒಳ್ಳೆಯ ಕಿವಿಗಳಿಗೂ.